ಲಾರಿ ಹೋದ ಮೇಲೆ ಊರಲ್ಲಿ ಯಾರಿರುತ್ತಾರೆ?

ಮಾನ್ಯ ಸಂಪಾದಕರೇ,

ಪ್ರತಿ ಮಳೆಗಾಲ ನಿಮ್ಮ ಪತ್ರಿಕೆಯಲ್ಲಿ ಒಂದು ಫೋಟೋ ಬಂದೇ ಬರುತ್ತದೆ. ನೆರೆ ಪರಿಹಾರದ ಸಾಮಾನು ತಂದ ಲಾರಿ, ಬ್ಯಾನರು, ಕೈಚಾಚಿ ನಿಂತ ಜನ. ತಪ್ಪು ಅಂತಲ್ಲ. ನನ್ನ ನೌಕರಿ ಪೂರ್ತಿ ಕಳೆದದ್ದು ಆ ಲಾರಿ ತಿರುಗಿ ಹೋದ ಮೇಲಿನ ಕೆಲಸದಲ್ಲಿ, ಅದಕ್ಕೇ ನಾಲ್ಕು ಮಾತು ಬರೆಯುತ್ತಿದ್ದೇನೆ.

2009ರ ನೆರೆ ಆದ ಮೇಲೆ ಹೊಳೆದಂಡೆಯ ಊರುಗಳಿಗೆ ಸರ್ಕಾರದ ‘ಆಸರೆ’ ಯೋಜನೆಯಲ್ಲಿ ಬೇರೆ ಕಡೆ ಮನೆ ಕಟ್ಟಿದರು, ನೆನಪಿದೆ ಅಲ್ವಾ? ಎಷ್ಟೋ ಮನೆಗೆ ಬೀಗ ಬಿತ್ತು, ಜನ ಹಳೇ ಊರಿಗೇ ವಾಪಸ್ ಹೋದರು. ‘ಬಿಟ್ಟಿ ಮನೆ ಕೊಟ್ಟರೂ ಬೇಡವಂತೆ, ಸೊಕ್ಕು’ ಅಂದವರು ಬಹಳ. ಒಳಗೆ ಹೋಗಿ ನೋಡಿದವರಿಗೆ ಗೊತ್ತು: ಎತ್ತು ಕಟ್ಟಲು ಜಾಗ ಇಲ್ಲ, ದನದ ಮೇವಿನ ಕಣಿಕೆ ಒಟ್ಟಲು ಹಿತ್ತಲಿಲ್ಲ, ಹೊಲ ದೂರ. ಅದನ್ನು ಕಟ್ಟುವ ಮೊದಲು ಆ ಮನೆಯ ಹೆಣ್ಣುಮಕ್ಕಳನ್ನು ಕೂರಿಸಿ ಕೇಳಬೇಕಿತ್ತು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟಾಗ ಮಲಪ್ರಭೆ ಮತ್ತೆ ಅದೇ ಹಳೇ ಮನೆಗಳಿಗೆ ನುಗ್ಗಿತು.

ಆಗ ನಾನು ಒಂದು ಶಾಲೆಯಲ್ಲಿದ್ದ ನೆರೆ ಸಂತ್ರಸ್ತರ ಕಾಳಜಿ ಕೇಂದ್ರದಲ್ಲಿದ್ದೆ. ಒಬ್ಬ ಅಜ್ಜಿ ಒದ್ದೆಯಾದ ಪಾಸ್‌ಬುಕ್ಕನ್ನು ಬೆಚ್ಚಗಿನ ರೊಟ್ಟಿ ಹಂಚಿನ ಮೇಲಿಟ್ಟು, ಹರಿಯದ ಹಾಗೆ ಒಂದೊಂದೇ ಹಾಳೆ ಬಿಡಿಸುತ್ತಿದ್ದರು. ನಮ್ಮ ಹುಡುಗ ಬ್ರೆಡ್ ಪ್ಯಾಕೆಟ್ ಕೊಡಲು ಹೋದ. “ಅದನ್ನ ಅಲ್ಲಿಡೋ ಯಪ್ಪಾ, ಮೊದಲ ಈ ಹಾಳಿ ಹಿಡಿ ಬಾ” ಅಂದರು. ಅವತ್ತು ಸಂಜೆವರೆಗೂ ನಾವು ಬೇರೆ ಕೆಲಸ ಮಾಡಲಿಲ್ಲ. ವರಾಂಡದಲ್ಲಿ ಹಗ್ಗ ಕಟ್ಟಿ ರೇಷನ್ ಕಾರ್ಡ್, ಆಧಾರ್, ಪಹಣಿ ಎಲ್ಲ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ನೇತುಹಾಕಿದೆವು. ಕಾಗದ ಇಲ್ಲದಿದ್ದರೆ ಪರಿಹಾರ ಇಲ್ಲ.

ಪರಿಹಾರದ ಕಥೆ ಇನ್ನೊಂದು. 2019ರಲ್ಲಿ ಪೂರ್ತಿ ಬಿದ್ದ ಮನೆ ‘ಎ’ ದರ್ಜೆ, ಅದಕ್ಕೆ 5 ಲಕ್ಷ ಇತ್ತು, ಅದೂ ಕಂತಿನಲ್ಲಿ. ಸ್ವಲ್ಪ ಹಾಳಾದದ್ದು ‘ಸಿ’, 50 ಸಾವಿರ. ಆದರೆ ಮಣ್ಣಿನ ಗೋಡೆ ನೀರಲ್ಲಿ ನಿಂತಾಗಲೇ ಬೀಳಬೇಕೆಂದಿಲ್ಲ, ನೀರು ಇಳಿದು ಬಿಸಿಲು ಬಿದ್ದ ಮೇಲೆ ಬಿರಿದು ಕುಸಿಯುತ್ತದೆ. ಸರ್ವೆಗೆ ಬಂದವರು ‘ಗೋಡೆ ನಿಂತಿದೆ’ ಅಂತ ‘ಸಿ’ ಬರೆದುಕೊಂಡು ಹೋದರು, ಆ ಅಜ್ಜಿಯ ಗೋಡೆ ಆಮೇಲೆ ಬಿತ್ತು. ಮರುಸರ್ವೆಗೆ ಅರ್ಜಿ ಹಿಡಿದು ಎಷ್ಟು ಸಲ ಅಲೆದೆವೋ ಲೆಕ್ಕ ಇಟ್ಟಿಲ್ಲ.

ಅಷ್ಟರಲ್ಲಿ ನಮ್ಮ ಸಂಸ್ಥೆಯ ಯೋಜನೆಯೇ ಮುಗಿಯಿತು. ದುಡ್ಡು ಬಂದದ್ದು ಆರು ತಿಂಗಳ ಕೆಲಸಕ್ಕೆ ಮಾತ್ರ. ಯಾರ ಮನೆ ಯಾವ ಪಟ್ಟಿಯಲ್ಲಿದೆ, ಯಾರ ಖಾತೆಯಲ್ಲಿ ಹೆಸರು ತಪ್ಪಾಗಿದೆ ಅಂತ ಬಾಯಿಪಾಠ ಗೊತ್ತಿದ್ದ ಹುಡುಗ ಹುಡುಗಿಯರು ಬೇರೆ ಕೆಲಸ ಹುಡುಕಿಕೊಂಡು ಹೋದರು. ನಾನು ಭಾನುವಾರ ಬಸ್ ಹಿಡಿದು ಸಂಬಳವಿಲ್ಲದೆ ಸುಮ್ನೆ ಹೋಗಿಬರುತ್ತಿದ್ದೆ. ಸೇವೆ ಅಂತ ಯಾರಾದರೂ ಹೊಗಳಿದರೆ ಸಿಟ್ಟು ಬರುತ್ತದೆ, ಅದು ಯಾರಾದರೂ ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸ.

ನೆರೆ ಬಂದ ಪ್ರತಿ ಊರಿಗೆ ಒಬ್ಬರನ್ನು, ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದಿ ಖಾಲಿ ಕೂತ ಆ ಕಡೆಯವರನ್ನೇ, ಎರಡು ವರ್ಷಕ್ಕೆ ನೇಮಿಸಲಿ. ನೀವೂ ಅಷ್ಟೇ, ಲಾರಿಯ ಫೋಟೋ ತೆಗೆದವರನ್ನೇ ಮುಂದಿನ ಬೇಸಿಗೆಯಲ್ಲಿ ಅದೇ ಊರಿಗೆ ಇನ್ನೊಮ್ಮೆ ಕಳಿಸಿ. ಬಸ್ಸು ಯಾವುದು, ಎಲ್ಲಿ ಇಳಿಯಬೇಕು ಅಂತ ನಾನು ಹೇಳುತ್ತೇನೆ.

— ನಿವೃತ್ತ ಸಮಾಜ ಕಾರ್ಯಕರ್ತೆ, ಧಾರವಾಡ