ಮಡಿಕೇರಿ ಸ್ಟುಡಿಯೋದ ಆ ಹುಡುಗನಿಗೆ

ಅಜ್ಜಿಯ ಹುಟ್ಟುಹಬ್ಬಕ್ಕೆ ಮನೆಮಂದಿಯೆಲ್ಲ ಇರುವ ಫೋಟೋವನ್ನು 8x12 ಇಂಚಿನಲ್ಲಿ ಪ್ರಿಂಟ್ ಹಾಕಿಸಿದ್ದೆ. ಬೇರೊಂದು ಅಂಗಡಿಯವರು ಕೊಟ್ಟಾಗ ನೋಡಿದರೆ, ಹಿಂದಿನ ಸಾಲಿನ ಮಾವಂದಿರ ಹಣೆಯೇ ಇಲ್ಲ! ಫ್ರೇಮ್ ತಂದಾಗಿತ್ತು. ಊಟ ಮರುದಿನವೇ. ಹೊರಗೆ ಜುಲೈ ಮಳೆ, ಕೊಡಗಿನ ಮಳೆ ಗೊತ್ತಲ್ವಾ.

ಒದ್ದೆಯಾಗಿ ನಿಮ್ಮ ಅಂಗಡಿಗೆ ಬಂದಾಗ ನೀವು ಶಟರ್ ಅರ್ಧ ಎಳೆದಿದ್ದಿರಿ. ಮತ್ತೆ ಎತ್ತಿದಿರಿ. "ಅಕ್ಕಾ, ಮೊಬೈಲ್ ಫೋಟೋದ ಅಗಲ-ಎತ್ತರದ ಅನುಪಾತ 4:3, ಈ ಪೇಪರಿನದು 3:2. ತುಂಬಿಸಲು ಹೋದರೆ ಮೇಲೆ ಕೆಳಗೆ ಕತ್ತರಿಸಲೇಬೇಕು" ಎಂದು ಸ್ಕ್ರೀನಿನಲ್ಲಿ ತೋರಿಸಿದಿರಿ. ನನ್ನ ಹತ್ತಿರ ಇದ್ದದ್ದು ವಾಟ್ಸಾಪಿನಲ್ಲಿ ಕುಗ್ಗಿ ಬಂದ 1600x1200 ಪಿಕ್ಸೆಲ್‌ನದು. ತಮ್ಮನಿಗೆ ಫೋನ್ ಮಾಡಿಸಿ, ಅಸಲಿ ಫೋಟೋವನ್ನು ಕುಗ್ಗದಂತೆ ಡಾಕ್ಯುಮೆಂಟ್ ಆಗಿ ತರಿಸಿದಿರಿ. 4000x3000 ಇತ್ತು. ಸ್ಪಷ್ಟ ಪ್ರಿಂಟಿಗೆ ಬೇಕಾದ ಇಂಚಿಗೆ 300 ಪಿಕ್ಸೆಲ್‌ಗಿಂತ ಜಾಸ್ತಿಯೇ ಸಿಕ್ಕಿತು.

ಆಮೇಲೆ ಏನನ್ನೂ ಕತ್ತರಿಸದೆ, ಎಡಬಲಕ್ಕೆ ಮುಕ್ಕಾಲು ಇಂಚಿಗೂ ಕಡಿಮೆ ಬಿಳಿ ಪಟ್ಟಿ ಬಿಟ್ಟು ಪ್ರಿಂಟ್ ತೆಗೆದಿರಿ. ಎಲ್ಲರ ತಲೆಯೂ ಇತ್ತು! ನಾನು ಸುಮ್ನೆ ಕುರ್ಚಿಯಲ್ಲಿ ಕುಸಿದೆ.

ಕೇಳದಿದ್ದರೂ ಎರಡು ಪ್ಲಾಸ್ಟಿಕ್ ಕವರ್ ಸುತ್ತಿ, ಬಾಯಿಗೆ ಟೇಪ್ ಹಚ್ಚಿಕೊಟ್ಟಿರಿ. ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳಲಿಲ್ಲ. ತುಂಬಾ ಥ್ಯಾಂಕ್ಸ್. ಅಜ್ಜಿ ಬಂದವರಿಗೆಲ್ಲ ಆ ಫೋಟೋ ತೋರಿಸುತ್ತಿದ್ದಾರೆ.