ಐರ್ಲೆಂಡಿನ ಲಿಮರಿಕ್‌ನಲ್ಲಿರುವ ಮಗಳಿಗೊಂದು ಪತ್ರ

ಚಿ. ಪುಟ್ಟಿಗೆ, ಅಪ್ಪನ ಆಶೀರ್ವಾದಗಳು.

ಬರುವ ಶನಿವಾರ ಗೆಳೆಯರೊಡನೆ ಮೆಟಲ್ ಡಿಟೆಕ್ಟರ್ ಹಿಡಿದು ಹಳೆಯ ಮಣ್ಣುಕೋಟೆಯೊಂದಕ್ಕೆ ನಿಧಿ ಹುಡುಕಲು ಹೋಗುವೆನೆಂದು ನೀನು ಹೇಳಿದಾಗಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಫೋನಿನಲ್ಲಿ ನನ್ನ ದನಿ ಏರಿ ನಿನಗೆ ನೋವಾಗಿದ್ದರೆ ಕ್ಷಮಿಸು; ಆಡಿದ ಮಾತನ್ನು ಮಾತ್ರ ಹಿಂತೆಗೆದುಕೊಳ್ಳಲಾರೆ. ನಮ್ಮೂರ ಬಸವಣ್ಣನ ಗುಡಿಯಲ್ಲಿ ನಿಧಿಗಳ್ಳರು ಮಾಡಿದ್ದನ್ನು ನೀನೂ ಕಂಡವಳು, ಅದನ್ನು ಮತ್ತೆ ಬರೆಯುವುದಿಲ್ಲ.

ನೀನೇ ಹೇಳಿದ, ಬಂಗಾರ ಬಚ್ಚಿಡುವ ಕುಳ್ಳ ಕಿನ್ನರ ಲೆಪ್ರಿಕಾನ್‌ನ ಕಥೆ ನನ್ನನ್ನು ಬಿಡುತ್ತಿಲ್ಲ. ಬೇಲಿಯ ಮರೆಯಲ್ಲಿ ಬೂಟು ಹೊಲಿಯುತ್ತ ಕುಳಿತ ಆ ಕುಳ್ಳನನ್ನು ರೈತ ಹಿಡಿಯುತ್ತಾನೆ. ಕಣ್ಣು ಕದಲಿಸಿದರೆ ಮಾಯವಾಗುವನೆಂದು ನೆಟ್ಟ ನೋಟದಲ್ಲೇ ಗದರಿಸಿ, ಬಂಗಾರ ಯಾವ ಗಿಡದ ಬುಡದಲ್ಲಿದೆಯೆಂದು ಬಾಯಿ ಬಿಡಿಸುತ್ತಾನೆ. ಹೊಲದ ತುಂಬ ಹಳದಿ ಹೂವಿನ ರ‍್ಯಾಗ್‌ವರ್ಟ್ ಗಿಡಗಳು. ರೈತ ತನ್ನ ಕಾಲುಚೀಲದ ಕೆಂಪು ಪಟ್ಟಿ ಬಿಚ್ಚಿ ಆ ಗಿಡಕ್ಕೆ ಗುರುತಿಗೆ ಕಟ್ಟಿ, ಅದನ್ನು ಬಿಚ್ಚುವುದಿಲ್ಲವೆಂದು ಕುಳ್ಳನಿಂದ ಆಣೆ ಮಾಡಿಸಿಕೊಂಡು, ಸಲಿಕೆ ತರಲು ಮನೆಗೆ ಓಡುತ್ತಾನೆ. ಮರಳಿ ಬಂದರೆ ಪ್ರತಿ ಗಿಡಕ್ಕೂ ಅಂಥದ್ದೇ ಕೆಂಪು ಪಟ್ಟಿ! ಕುಳ್ಳನ ಜಾಣತನಕ್ಕೆ ನೀನು ನಕ್ಕೆ. ನನ್ನ ಮನಸ್ಸೆಲ್ಲ ಆ ರೈತನ ಮೇಲಿದೆ. ಅವನು ಸಲಿಕೆ ಹೆಗಲಿಗೇರಿಸಿ ಮನೆಗೆ ಹೋದ, ಹೊಲವನ್ನೆಲ್ಲ ಅಗೆಯಲಿಲ್ಲ. ಅವನ ಕೈಯಲ್ಲಿ ನಿನ್ನ ಯಂತ್ರವಿದ್ದಿದ್ದರೆ ಒಂದು ಗಿಡವನ್ನೂ ಉಳಿಸುತ್ತಿರಲಿಲ್ಲವೇನೋ ಎಂಬುದೇ ನನ್ನ ಭಯ.

ನೀನು ಅಗೆಯಹೊರಟಿರುವಂಥ ಮಣ್ಣುಕೋಟೆಗಳಲ್ಲಿ ಹೆಚ್ಚಿನವು ಸಾವಿರ ವರ್ಷಗಳಿಗೂ ಹಿಂದೆ ರೈತ ಕುಟುಂಬಗಳು ದನಕರುಗಳೊಂದಿಗೆ ಬಾಳಿದ ಅಂಗಳಗಳು. ಅಲ್ಲಿ ಕಿನ್ನರರಿದ್ದಾರೆ, ಅಲ್ಲಿನ ಹಾಥಾರ್ನ್ ಎಂಬ ಮುಳ್ಳುಮರ ಕಡಿದರೆ ಮನೆಗೆ ಕೇಡು ಎಂದು ಹೆದರಿ ಐರಿಷ್ ರೈತರು ಅವುಗಳಿಗೆ ನೇಗಿಲು ತಾಗಿಸದೆ ಬಿಟ್ಟಿದ್ದರಿಂದ ಎಷ್ಟೋ ಕೋಟೆಗಳು ಉಳಿದುಕೊಂಡವು. ಓದಿದವಳೆಂದು ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕಬೇಡ. ಅಗೆದು ಕೆಡಿಸಿದ ಮಣ್ಣಿನ ಪದರವನ್ನು ಯಾವ ವಿದ್ವಾಂಸನೂ ಮತ್ತೆ ಓದಲಾರ.

1868ರಲ್ಲಿ ನಿನ್ನದೇ ಲಿಮರಿಕ್ ಕೌಂಟಿಯ ಆರ್ಡಾ ಬಳಿ ಇಂಥ ಕೋಟೆಯಲ್ಲಿ ಆಲೂಗಡ್ಡೆ ಅಗೆಯುತ್ತಿದ್ದ ಹುಡುಗರಿಗೆ 8ನೇ ಶತಮಾನದ ಬೆಳ್ಳಿಯ ಪಾನಪಾತ್ರೆ ಸಿಕ್ಕಿತ್ತು, ನಿಜ. ಆದರೆ ಅವರು ನಿಧಿಗಾಗಿ ಅಗೆದವರಲ್ಲ. 1987ರ ಕಾಯ್ದೆ ಬಂದ ಮೇಲಂತೂ ಪುರಾತನ ವಸ್ತುಗಳನ್ನು ಹುಡುಕಲು ಅನುಮತಿಯಿಲ್ಲದೆ ಆ ಯಂತ್ರ ಬಳಸುವುದೇ ಅಲ್ಲಿ ಅಪರಾಧ. ನೀನು ವೀಸಾದ ಮೇಲೆ ಹೋದವಳು. ನಮ್ಮ ಮನೆತನದಲ್ಲಿ ಸಮುದ್ರ ದಾಟಿದ ಮೊದಲಿಗಳೆಂದು ಕಂಡವರಿಗೆಲ್ಲ ಹೇಳಿಕೊಳ್ಳುವ ನನಗೆ, ಪೊಲೀಸರು ನಿನ್ನ ಹೆಸರು ಬರೆದುಕೊಳ್ಳುವ ಯೋಚನೆಯೇ ಸಹಿಸಲಾಗದು.

ಆ ಪಾತ್ರೆ ಈಗ ಡಬ್ಲಿನ್‌ನ ಕಿಲ್ಡೇರ್ ಬೀದಿಯ ವಸ್ತುಸಂಗ್ರಹಾಲಯದಲ್ಲಿದೆ, ಪ್ರವೇಶ ಉಚಿತ. ಶನಿವಾರ ಗೆಳೆಯರನ್ನು ಅಲ್ಲಿಗೇ ಕರೆದುಕೊಂಡು ಹೋಗು, ರೈಲಿನ ಖರ್ಚನ್ನು ನಾನು ಕಳಿಸುತ್ತೇನೆ. ಯಂತ್ರವನ್ನು ಅಂಗಡಿಗೆ ಹಿಂತಿರುಗಿಸಿದ ಕೂಡಲೇ ಫೋನ್ ಮಾಡು. ಅಮ್ಮನಿಗೆ ಇದಾವುದನ್ನೂ ಹೇಳಿಲ್ಲ.

ಇತಿ,
ಅಪ್ಪ