ಬ್ಯಾಟರಿ ಮಾರುವ ಮುಂಚೆ ಮೀಟರ್ ಹಿಡಿಯಿರಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು, ಈಗಿನ ಕಾರ್ ಬ್ಯಾಟರಿಗಳಿಗೆ ಬಾಳಿಕೆಯೇ ಇಲ್ಲ, ಎಲ್ಲ ಕಳಪೆ ಮಾಲು ಎಂದು ಬೇಸರಪಟ್ಟಿದ್ದರು. ಎರಡು ತಿಂಗಳ ಹಿಂದೆ ಓದಿದ್ದರೆ ನಾನೂ ಹೌದೌದು ಅಂದುಬಿಡುತ್ತಿದ್ದೆ. ಈಗ ಬಾಯಿ ಬರುವುದಿಲ್ಲ. ನನ್ನ ಬ್ಯಾಟರಿ ಕಳಪೆ ಆಗಿರಲಿಲ್ಲ. ತೂತು ಬಿಂದಿಗೆಗೆ ನಾನು ನೀರು ತುಂಬಿಸುತ್ತಿದ್ದೆ, ಅಷ್ಟೇ.

ನಾನು ಮಂಡ್ಯದ ಅಶೋಕನಗರದವಳು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದೆ. ಹತ್ತು ವರ್ಷ ಹಳೆಯ ಸಣ್ಣ ಕಾರಿದೆ. ಭಾನುವಾರ ಮೈಸೂರಿನ ವಿಜಯನಗರದಲ್ಲಿರುವ ಮಗಳ ಮನೆಗೆ ಹೋಗಿ ಸಂಜೆಗೆ ವಾಪಸ್. ಉಳಿದ ದಿನ ಕಾರು ಮನೆ ಮುಂದೆ ನಿಂತೇ ಇರುತ್ತದೆ. ಒಂದು ಗುರುವಾರ ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಕ್ ಟಕ್ ಎಂಬ ಸದ್ದು ಬಿಟ್ಟು ಬೇರೇನೂ ಇಲ್ಲ. ಪಕ್ಕದ ಬೀದಿಯ ಹುಡುಗರು ತಳ್ಳಿ ಸ್ಟಾರ್ಟ್ ಮಾಡಿಕೊಟ್ಟರು. ಸೀದಾ ಬ್ಯಾಟರಿ ಅಂಗಡಿಗೆ ಹೋದೆ. ಅವರು ಕ್ಲಿಪ್ ಹಾಕಿ ನೋಡಿದರು. ಯಂತ್ರ 'ವೀಕ್' ಎಂದು ತೋರಿಸಿತು. "ಸತ್ತೋಗದೆ ಮೇಡಂ, ಹೊಸದು ಹಾಕ್ಸ್‌ಬುಡಿ" ಅಂದರು. ಹಳೆಯದನ್ನು ಕೊಟ್ಟು, ಮೇಲೆ 4,300 ರೂಪಾಯಿ ಕೊಟ್ಟು ಹಾಕಿಸಿದೆ.

ಇಲ್ಲೇ ನಾನು ಎಡವಿದ್ದು. ಚಾರ್ಜ್ ಇಳಿದ ಬ್ಯಾಟರಿ ಆ ಯಂತ್ರದಲ್ಲಿ ವೀಕ್ ಎಂದೇ ತೋರಿಸುತ್ತದೆ. ಮೊದಲು ಪೂರ್ತಿ ಚಾರ್ಜ್ ಮಾಡಿ, ಆಮೇಲೆ ಪರೀಕ್ಷೆ ಮಾಡಬೇಕು. ಮೂವತ್ತು ವರ್ಷ ವಿದ್ಯುತ್ ಪಾಠ ಮಾಡಿದವಳಿಗೆ ಆ ಹೊತ್ತಿಗೆ ಇದು ಹೊಳೆಯಲಿಲ್ಲ ನೋಡಿ.

ಮುಂದಿನ ವಾರವೇ, ಮತ್ತೆ ಗುರುವಾರ, ಮತ್ತೆ ಟಕ್ ಟಕ್. ಅಂಗಡಿಯವರು ಚಾರ್ಜ್ ಮಾಡಿ ಕೊಟ್ಟು, "ನೀವು ಗಾಡಿ ಓಡ್ಸೋದು ಕಮ್ಮಿ ಮೇಡಂ, ದಿನಾ ಒಂದು ರೌಂಡ್ ಹಾಕಿ" ಎಂದು ಬುದ್ಧಿ ಹೇಳಿದರು. ಸರಿಯಿರುವ ಕಾರು ಮೂರು ವಾರ ನಿಂತರೂ ಸ್ಟಾರ್ಟ್ ಆಗಬೇಕು. ನಾಲ್ಕು ದಿನಕ್ಕೇ ಮಲಗುತ್ತದೆ ಅಂದರೆ ಎಲ್ಲೋ ಕರೆಂಟ್ ಲೀಕ್ ಆಗುತ್ತಿದೆ. ಕರೆಂಟ್ ಅಳೆಯುವ, ಶಾಲೆಯ ದಿನಗಳ ಮಲ್ಟಿಮೀಟರನ್ನು ಬೀರುವಿನಿಂದ ತೆಗೆದೆ.

ಮೊದಲ ಅನುಮಾನ ಡಿಕ್ಕಿಯ ದೀಪದ ಮೇಲೆ. ಡಿಕ್ಕಿ ಮುಚ್ಚಿದ ಮೇಲೆ ದೀಪ ಆರಿತೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ, ಅಲ್ವಾ? ಫೋನಿನಲ್ಲಿ ವಿಡಿಯೋ ಆನ್ ಮಾಡಿ ಒಳಗಿಟ್ಟು ಮುಚ್ಚಿದೆ. ತೆಗೆದು ನೋಡಿದರೆ ಬರೀ ಕತ್ತಲು. ದೀಪ ಸರಿಯಾಗಿಯೇ ಆರುತ್ತಿತ್ತು.

ಆಮೇಲೆ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಮೀಟರನ್ನು ಸೇರಿಸಿದೆ. ಕೆಂಪು ವೈರು ಮೀಟರಿನ 10 ಆಂಪಿಯರ್ ತೂತಿನಲ್ಲೇ ಇರಬೇಕು. ಎರಡು ಆಂಪಿಯರಿಗಿಂತ ಜಾಸ್ತಿ ತೋರಿಸಿತು. ಎದೆ ಝಲ್ ಎಂದಿತು. ಆದರೆ ಗಾಬರಿ ಬೇಕಿರಲಿಲ್ಲ. ಕೇಬಲ್ ಮುಟ್ಟಿದ ಕೂಡಲೇ ಕಾರಿನೊಳಗಿನ ಕಂಪ್ಯೂಟರುಗಳೆಲ್ಲ ಎಚ್ಚರವಾಗುತ್ತವೆ. ಅವು ಮತ್ತೆ ಮಲಗಲು ಅರ್ಧ ಗಂಟೆ ಬೇಕು. ಫ್ಯೂಸ್ ಪೆಟ್ಟಿಗೆ ಡ್ರೈವರ್ ಮೊಣಕಾಲ ಹತ್ತಿರ ಇರುವುದರಿಂದ ಬಾಗಿಲು ತೆರೆದೇ ಇರಬೇಕು. ತೆರೆದರೆ ಒಳಗಿನ ಲೈಟು ಹತ್ತಿಕೊಂಡು ಲೆಕ್ಕ ಕೆಡುತ್ತದೆ. ಬಾಗಿಲಿನ ಕೊಂಡಿಯನ್ನು ಸ್ಕ್ರೂ ಡ್ರೈವರಿನಿಂದ ಒತ್ತಿ ಮುಚ್ಚಿದರೆ, ಬಾಗಿಲು ಮುಚ್ಚಿದೆ ಎಂದೇ ನನ್ನ ಕಾರು ನಂಬುತ್ತದೆ. (ಕೆಲಸ ಮುಗಿದ ಮೇಲೆ ಹಿಡಿ ಎಳೆದು ಕೊಂಡಿ ಬಿಡಿಸಿಯೇ ಬಾಗಿಲು ಹಾಕಬೇಕು. ಇಲ್ಲದಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ.)

ಕಾಫಿ ಕುಡಿದು ಬಂದೆ. 0.38 ಆಂಪಿಯರಿಗೆ ನಿಂತಿತ್ತು. ಅರ್ಧ ಗಂಟೆ ಕಳೆದ ಮೇಲೆ 0.05ಕ್ಕಿಂತ ಕೆಳಗಿರಬೇಕು. ಒಂದೊಂದೇ ಫ್ಯೂಸ್ ಕಿತ್ತು ಮೀಟರ್ ನೋಡುತ್ತಾ ಹೋದೆ. ಹಾರ್ನ್, ವೈಪರ್, ಪವರ್ ವಿಂಡೋ, ಯಾವುದಕ್ಕೂ ಅಂಕಿ ಅಲುಗಲಿಲ್ಲ. ರೇಡಿಯೋ ಫ್ಯೂಸ್ ಕಿತ್ತೆ. 0.03!

ಅಳಿಯಂದಿರು ಹಾಕಿಸಿಕೊಟ್ಟ ದೊಡ್ಡ ಪರದೆಯ ಸ್ಟೀರಿಯೋ ಅದು. ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಬಿಚ್ಚಿ ತೋರಿಸಿದ. ಹಳದಿ ವೈರಿಗೆ ಸದಾ ಕರೆಂಟ್ ಬರಬೇಕು, ಕೆಂಪು ವೈರಿಗೆ ಕೀಲಿ ತಿರುಗಿಸಿದಾಗ ಮಾತ್ರ. ಕೂರಿಸಿದವರು ಎರಡನ್ನೂ ಸೇರಿಸಿ ಹೊಸೆದು ಟೇಪ್ ಸುತ್ತಿದ್ದರು. ಪರದೆ ಕಪ್ಪಗಿದ್ದರೂ ಒಳಗೆ ಅದು ನಿದ್ದೆಯನ್ನೇ ಮಾಡುತ್ತಿರಲಿಲ್ಲ. 0.38ನ್ನು 24 ಗಂಟೆಗೆ ಗುಣಿಸಿ. ದಿನಕ್ಕೆ ಸುಮಾರು 9 ಆಂಪಿಯರ್ ಅವರ್ (ಆಂಪಿಯರನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ಖರ್ಚು. ನನ್ನದು 35 ಆಂಪಿಯರ್ ಅವರ್ ಹಿಡಿಯುವ ಬ್ಯಾಟರಿ. ಭಾನುವಾರ ಸಂಜೆ ನಿಲ್ಲಿಸಿದರೆ ಗುರುವಾರ ಬೆಳಿಗ್ಗೆಗೆ ಪಾತ್ರೆ ಖಾಲಿ. ಗುರುವಾರದ ಒಗಟು ಬಿಡಿಸಿದಂತಾಯಿತು. ಕೆಂಪು ವೈರನ್ನು ಬಿಡಿಸಿ ಸರಿಯಾದ ಕಡೆ ಸೇರಿಸಲು ಆದ ಖರ್ಚು 250 ರೂಪಾಯಿ. ಹಾಗಾದರೆ ಅಂಗಡಿಗೆ ಕೊಟ್ಟುಬಂದ ಆ ಹಳೆಯ ಬ್ಯಾಟರಿ? ಅದನ್ನು ಚಾರ್ಜ್ ಮಾಡಿದ್ದರೆ ಇನ್ನೊಂದು ವರ್ಷ ಬರುತ್ತಿತ್ತೇನೋ. ಹೊಸದಕ್ಕೂ ಏಟು ಬಿದ್ದಿದೆ. ಪೂರ್ತಿ ಇಳಿದ ಬ್ಯಾಟರಿಯನ್ನು ಹಾಗೇ ಬಿಟ್ಟರೆ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತುಬಿಡುತ್ತದೆ. 1859ರಲ್ಲಿ ಫ್ರಾನ್ಸಿನ ವಿಜ್ಞಾನಿ ಪ್ಲಾಂಟೆ ಈ ಸೀಸದ ಬ್ಯಾಟರಿ ಮಾಡಿದಾಗಿನಿಂದ ಅದರ ಜಾತಕ ಅದೇ.

ಪಂಚರ್ ಅಂಗಡಿಯವರು ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ತೋರಿಸುತ್ತಾರೆ. ಆಮೇಲಷ್ಟೇ ಪ್ಯಾಚೋ ಹೊಸ ಟ್ಯೂಬೋ ಎಂಬ ಮಾತು. ಬ್ಯಾಟರಿ ಅಂಗಡಿಗಳೂ ಅಷ್ಟು ಮಾಡಬಾರದೇ? ಅರ್ಧ ಗಂಟೆ ಮೀಟರ್ ಹಾಕಿ, ನಿಂತ ಗಾಡಿ ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂದು ಬಿಲ್ಲಿನ ಮೇಲೆ ಬರೆದುಕೊಡಲಿ. ಸ್ಟೀರಿಯೋ, ಕ್ಯಾಮೆರಾ, ಜಿಪಿಎಸ್ ಕೂರಿಸುವವರೂ ಇದನ್ನು ಬರೆದುಕೊಡಲಿ. ಬೇಕಾದರೆ 100 ರೂಪಾಯಿ ಕೂಲಿ ತೆಗೆದುಕೊಳ್ಳಲಿ, ಸಂತೋಷವಾಗಿ ಕೊಡುತ್ತೇವೆ.

ಹೋದ ವಾರ ಪತ್ರ ಬರೆದವರು ಮಂಡ್ಯದ ಕಡೆಯವರಾದರೆ ನನ್ನ ಮೀಟರನ್ನೇ ಒಯ್ಯಲಿ. ಮೀಟರ್ ಸಿಕ್ಕಿಸಿರುವಾಗ ಕೀಲಿ ಮಾತ್ರ ತಿರುಗಿಸಬೇಡಿ. ಸ್ಟಾರ್ಟರ್ ನೂರಾರು ಆಂಪಿಯರ್ ಎಳೆಯುತ್ತದೆ, ಮೀಟರಿನ ಫ್ಯೂಸ್ ಸುಟ್ಟುಹೋಗುತ್ತದೆ. ಒಂದನ್ನು ನಾನೇ ಸುಟ್ಟುಕೊಂಡಿದ್ದೇನೆ.

– ನಿವೃತ್ತ ವಿಜ್ಞಾನ ಶಿಕ್ಷಕಿ, ಅಶೋಕನಗರ, ಮಂಡ್ಯ